ಜೈಲಿನಲ್ಲಿ ಸುಮ್ನೆ ಕೂರಿಸಿ ಮುದ್ದೆ ಹಾಕ್ತಾರಾ?

ಪ್ರಶ್ನೆ: ಜೈಲಿಗೆ ಹೋದವರನ್ನು ಸುಮ್ನೆ ಕೂರಿಸಿ ಮೂರು ಹೊತ್ತು ಊಟ ಹಾಕ್ತಾರೆ, ಅದೂ ನಮ್ಮ ತೆರಿಗೆ ದುಡ್ಡಲ್ಲಿ. ಹೊರಗೆ ‘ಸುಧಾರಣಾ ಸೇವೆ’ ಅಂತ ಬೋರ್ಡ್ ಬೇರೆ. ಒಳಗೆ ನಿಜವಾಗಿ ಯಾರನ್ನಾದರೂ ಸುಧಾರಿಸ್ತಾರಾ?

ಉತ್ತರ: ಈ ಪ್ರಶ್ನೆ ಜಾಸ್ತಿ ಬರುವುದು ದೊಡ್ಡ ಹೆಸರಿನವರು ಯಾರಾದರೂ ಪರಪ್ಪನ ಅಗ್ರಹಾರ ಸೇರಿದಾಗ. 2024ರ ಆಗಸ್ಟ್‌ನಲ್ಲಿ ನಟರೊಬ್ಬರು ಅಲ್ಲಿ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕಾಫಿ ಮಗ್ಗು, ಸಿಗರೇಟು ಹಿಡಿದು ಕೂತ ಫೋಟೊ ಎಲ್ಲರ ಮೊಬೈಲಿಗೂ ಬಂತಲ್ಲ, ಅವತ್ತಿಂದ ಜೈಲು ಅಂದರೆ ಮಾವನ ಮನೆ ಅನ್ನುವ ಮಾತು ಇನ್ನೂ ಗಟ್ಟಿಯಾಯಿತು. ಹಲವು ಸಿಬ್ಬಂದಿ ಅಮಾನತಾದರು, ನಟರನ್ನು ಬಳ್ಳಾರಿ ಜೈಲಿಗೆ ಕಳಿಸಿದರು. ದುಡ್ಡು, ಪ್ರಭಾವ ಇದ್ದವರಿಗೆ ಒಳಗೂ ಬೇರೆ ಲೆಕ್ಕ ನಡೆಯುತ್ತದೆ, ಅದನ್ನು ಇಲ್ಲ ಅನ್ನಲು ಆಗುವುದಿಲ್ಲ. ಆದರೆ ಆ ಫೋಟೊ ನೋಡಿ ಇಡೀ ಜೈಲನ್ನು ಅಳೆಯಬೇಡಿ.

ಜೈಲಿನಲ್ಲಿ ಎರಡು ಥರದ ಜನ ಇದ್ದಾರೆ. ಕೋರ್ಟು ತಪ್ಪಿತಸ್ಥ ಅಂತ ತೀರ್ಪು ಕೊಟ್ಟವರು ಸಜಾಬಂಧಿಗಳು. ಕೇಸು ಇನ್ನೂ ನಡೆಯುತ್ತಿರುವವರು ವಿಚಾರಣಾಧೀನ ಕೈದಿಗಳು. ಸಜಾಬಂಧಿಗೆ ಬಿಳಿ ಬಟ್ಟೆ, ವಿಚಾರಣಾಧೀನರಿಗೆ ತಮ್ಮದೇ ಬಟ್ಟೆ. ಟಿವಿಯಲ್ಲಿ ಆಗಾಗ ಕೇಳುವ ‘ಯುಟಿಪಿ ನಂಬರ್’ (ಯುಟಿಪಿ ಅಂದರೆ ಅಂಡರ್ ಟ್ರಯಲ್ ಪ್ರಿಸನರ್) ಈ ವಿಚಾರಣಾಧೀನರದ್ದು. ಸುಮ್ನೆ ಕೂರಿಸುತ್ತಾರೆ ಅನ್ನುತ್ತೀರಲ್ಲ, ಅದು ಸಜಾಬಂಧಿಗಳ ವಿಷಯದಲ್ಲಿ ಸುಳ್ಳು. ವಿಚಾರಣಾಧೀನರ ವಿಷಯದಲ್ಲಿ ಹೆಚ್ಚುಕಡಿಮೆ ನಿಜ.

ಮೊದಲು ಸಜಾಬಂಧಿ. ಕಠಿಣ ಸಜೆ ಆದವನು ಕೆಲಸ ಮಾಡಲೇಬೇಕು. ಬೆಳಿಗ್ಗೆ ಬ್ಯಾರಕ್ ಬೀಗ ತೆಗೆದು ತಲೆ ಎಣಿಸುತ್ತಾರೆ, ತಿಂಡಿ ಆದಮೇಲೆ ಕೆಲಸ, ಸಂಜೆ ಮತ್ತೆ ಎಣಿಸಿ ಬೀಗ. ಮಗ್ಗ, ಟೈಲರಿಂಗ್, ಮರಗೆಲಸ, ಬೇಕರಿ ಹೀಗೆ ಏನಾದರೊಂದು ಇರುತ್ತದೆ. ಅಷ್ಟು ಜನಕ್ಕೆ ಅನ್ನ, ಸಾರು, ಮುದ್ದೆ ಬೇಯಿಸುವ ಅಡುಗೆಮನೆಯೂ ಕೈದಿಗಳ ಕೈಯಲ್ಲೇ ನಡೆಯುತ್ತದೆ. ಯಾವ ಜಾತಿಯವನು ಅಡುಗೆ ಮಾಡಬೇಕು, ಯಾವ ಜಾತಿಯವನು ಕಕ್ಕಸು ತೊಳೆಯಬೇಕು ಅಂತ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಬರೆದಿತ್ತು. ಅದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಯಾವಾಗ ಗೊತ್ತಾ? 2024ರ ಅಕ್ಟೋಬರ್‌ನಲ್ಲಿ!

ಈ ದುಡಿಮೆಗೆ ಕೂಲಿ ಇದೆ. ಕೈದಿಯ ಕೆಲಸಕ್ಕೆ ನ್ಯಾಯವಾದ ಕೂಲಿ ಕೊಡಬೇಕು, ಅದರಲ್ಲಿ ಒಂದು ಪಾಲು ಅಪರಾಧದಿಂದ ನೊಂದವರಿಗೆ ಹೋಗುವಂತೆ ಕಾನೂನು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿತ್ತು. ಕರ್ನಾಟಕದಲ್ಲಿ ಕೆಲವು ವರ್ಷದ ಹಿಂದೆ ಏರಿಸಿದ ಮೇಲೆ, ಆಗಷ್ಟೇ ಕೆಲಸ ಕಲಿಯುತ್ತಿರುವವನಿಗೂ ದಿನಕ್ಕೆ 500 ರೂಪಾಯಿಗಿಂತ ಜಾಸ್ತಿ ಸಿಗುತ್ತದೆ. ‘ಹೊರಗೆ ಇಷ್ಟು ಸಿಗಲ್ಲ’ ಅಂತ ಗೊಣಗುವವರಿದ್ದಾರೆ. ಮನೆಯ ದುಡಿಯುವ ಗಂಡಸು ಹತ್ತು ಹದಿನೈದು ವರ್ಷ ಒಳಗಿದ್ದರೆ ಹೆಂಡತಿ ಮಕ್ಕಳು ಏನು ತಿನ್ನಬೇಕು? ಅವರೇನೂ ತಪ್ಪು ಮಾಡಿಲ್ಲ ಅಲ್ವಾ?

ಓದಿಗೂ ದಾರಿ ಇದೆ. ಸಹಿ ಮಾಡಲು ಬಾರದವರಿಗೆ ಅಕ್ಷರ ಕಲಿಸುವುದರಿಂದ ಹಿಡಿದು ಇಗ್ನೋ ಪದವಿವರೆಗೆ. ಚೆನ್ನಾಗಿ ನಡೆದುಕೊಂಡರೆ ಶಿಕ್ಷೆಯ ದಿನಗಳು ಸ್ವಲ್ಪ ಸ್ವಲ್ಪವೇ ಕಡಿತವಾಗುತ್ತವೆ, ಪೆರೋಲ್ ಮೇಲೆ ಊರಿಗೆ ಹೋಗಿ ಬರಬಹುದು. ಆಯ್ದ ಕೆಲವರನ್ನು ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದ ಬಯಲು ಜೈಲಿಗೆ ಕಳಿಸುತ್ತಾರೆ. (ಬೆಂಗಳೂರಿನ ಕೋರಮಂಗಲ ಅಲ್ಲ, ಅಲ್ಲಿ ಬಾಡಿಗೆ ಕಟ್ಟುವುದೇ ಒಂದು ಶಿಕ್ಷೆ.) ಅಲ್ಲಿ ಹೊಲ, ತೋಟದ ಕೆಲಸ.

ನನಗೆ ಇದೆಲ್ಲಕ್ಕಿಂತ ದೊಡ್ಡದು ಅನಿಸುವುದು ನಾಟಕ. ರಂಗಾಯಣದ ಹುಲುಗಪ್ಪ ಕಟ್ಟೀಮನಿ 1997ರಲ್ಲಿ ಬಳ್ಳಾರಿ ಜೈಲಿನಲ್ಲಿ ಕೈದಿಗಳಿಗೆ ನಾಟಕ ಕಲಿಸಲು ಶುರುಮಾಡಿದರು, ಆಮೇಲೆ ಮೈಸೂರು ಮತ್ತಿತರ ಜೈಲುಗಳಿಗೂ ಅದು ಹಬ್ಬಿತು. ಜೀವಾವಧಿ ಶಿಕ್ಷೆಯವರು ಪೊಲೀಸ್ ಕಾವಲಿನಲ್ಲಿ ಹೊರಗಿನ ರಂಗಮಂದಿರಕ್ಕೆ ಬಂದು, ಬಣ್ಣ ಹಚ್ಚಿಕೊಂಡು, ಜನರ ಮುಂದೆ ಷೇಕ್ಸ್‌ಪಿಯರ್ ಆಡಿದರು. ಕೊಲೆ ಮಾಡಿ ಒಳಗೆ ಹೋದವನು ‘ಮ್ಯಾಕ್‌ಬೆತ್’ನಲ್ಲಿ, ಕೈಗೆ ಹತ್ತಿದ ರಕ್ತ ತೊಳೆದರೂ ಹೋಗದ ಕಥೆ ಆಡುವುದು ಅಂದರೆ ಸುಮ್ನೆನಾ? ಮುಂದೆ ಕೂತವರಿಗೂ ಕಷ್ಟ, ಆಡುವವನಿಗಂತೂ ಕೇಳಲೇಬೇಡಿ. ಉಪದೇಶದ ಭಾಷಣ ಹತ್ತು ಕೇಳಿಸಿದರೂ ಆಗದ್ದು ಇಲ್ಲಿ ಆಗಿರಬಹುದು.

ಈಗ ವಿಚಾರಣಾಧೀನರಿಗೆ ಬರೋಣ. 2022ರ ಅಂಕಿಅಂಶದ ಪ್ರಕಾರ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ಇವರೇ. ತಪ್ಪು ಮಾಡಿದ್ದಾರೆ ಅಂತ ಯಾವ ಕೋರ್ಟೂ ಇನ್ನೂ ಹೇಳಿಲ್ಲ, ಹಾಗಾಗಿ ದುಡಿ ಅಂತ ಬಲವಂತ ಮಾಡುವ ಹಾಗಿಲ್ಲ. ಇವರಲ್ಲಿ ಹೆಚ್ಚಿನವರಿಗೆ ದಿನವೆಲ್ಲ ಕಾಯುವುದೇ ಕೆಲಸ: ಮುಂದಿನ ಡೇಟ್ ಯಾವತ್ತು, ಲಾಯರ್ ಬರ್ತಾರಾ, ಮನೆಯವರು ನೋಡೋಕೆ ಬರ್ತಾರಾ. ಅಂದರೆ ‘ಸುಧಾರಣೆ’ಯ ಹೆಚ್ಚಿನ ಏರ್ಪಾಟು ಇರುವುದು ಒಳಗಿರುವವರ ಕಾಲುಭಾಗಕ್ಕೆ. ಉಳಿದವರನ್ನು ಸುಮ್ನೆ ಕೂರಿಸಿರುವುದು ಜೈಲರ್ ಅಲ್ಲ, ಮುಗಿಯದ ಕೇಸು. ತೆರಿಗೆ ದುಡ್ಡಿನ ಸಿಟ್ಟು ಇದ್ದರೆ ಇಲ್ಲಿ ಇರಲಿ.

ಇನ್ನೂ ಬೇಜಾರಿನ ಸಂಗತಿ ಅಂದರೆ ಜಾಮೀನು ಸಿಕ್ಕಿಯೂ ಒಳಗೇ ಉಳಿಯುವವರು. ಶ್ಯೂರಿಟಿ ಕೊಡುವವರು ಪಹಣಿಯೋ, ಮನೆ ಪತ್ರವೋ ಹಿಡಿದು ಕೋರ್ಟಿಗೆ ಬರಬೇಕು. ರಾಯಚೂರಿನಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದ ಹುಡುಗನಿಗೆ ಇಲ್ಲಿ ಪಹಣಿ ಇಟ್ಟುಕೊಂಡ ಪರಿಚಯದವರು ಯಾರು ಸಿಗುತ್ತಾರೆ ಹೇಳಿ?

ನಿಮ್ಮವರು ಯಾರಾದರೂ ಹೀಗೆ ಸಿಕ್ಕಿಕೊಂಡಿದ್ದರೆ ಇಷ್ಟು ತಿಳಿದಿರಲಿ. ಜಾಮೀನು ಆಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನ ಅಧೀಕ್ಷಕರು ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಇದು 2023ರ ಸುಪ್ರೀಂ ಕೋರ್ಟ್ ಸೂಚನೆ. ಬಡ ಕೈದಿಗಳ ಜಾಮೀನು ಹಣಕ್ಕೆ ನೆರವು ಕೊಡುವ ಕೇಂದ್ರದ ಯೋಜನೆಯೂ ಇದೆ, ಎಲ್ಲ ಥರದ ಕೇಸಿಗೂ ಸಿಗುವುದಿಲ್ಲ ಅಷ್ಟೆ. ಹಿಂದೆ ಯಾವ ಕೇಸಿನಲ್ಲೂ ತಪ್ಪಿತಸ್ಥ ಅಂತ ತೀರ್ಪು ಆಗದವನು, ಈಗಿನ ಕೇಸಿಗೆ ಇರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು ಅನ್ನುತ್ತದೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಮರಣದಂಡನೆ, ಜೀವಾವಧಿ ಆಗಬಹುದಾದ ಕೇಸುಗಳಿಗೆ ಮತ್ತು ಒಂದಕ್ಕಿಂತ ಜಾಸ್ತಿ ಕೇಸು ಇದ್ದವರಿಗೆ ಇದು ಇಲ್ಲ. ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. ಕೈದಿಗೆ ಅಲ್ಲಿ ವಕೀಲರ ನೆರವು ಉಚಿತ. ಹೋಗುವಾಗ ಯುಟಿಪಿ ನಂಬರ್, ಕ್ರೈಂ ನಂಬರ್, ಜಾಮೀನು ಆದೇಶದ ಪ್ರತಿ ಇಟ್ಟುಕೊಂಡು ಹೋಗಿ.