ಮೂವತ್ತೆರಡರ ತೋಳಿಗೆ ಹತ್ತು ವರ್ಷದ ಬೆಲೆ

2011ರ ಡಿಸೆಂಬರ್‌ನಲ್ಲಿ ಬೇಸ್‌ಬಾಲ್ ದಾಂಡಿಗ ಆಲ್ಬರ್ಟ್ ಪೂಹೋಲ್ಸ್ ಕ್ಯಾಲಿಫೋರ್ನಿಯಾದ ಏಂಜಲ್ಸ್ ತಂಡದ ಜೊತೆ ಹತ್ತು ವರ್ಷದ ಕರಾರಿಗೆ ಸಹಿ ಹಾಕಿದರು. ಮೊತ್ತ 24 ಕೋಟಿ ಡಾಲರ್. ಅವರಿಗೆ 32 ತುಂಬಲು ಇನ್ನೊಂದು ತಿಂಗಳಷ್ಟೇ ಬಾಕಿ ಇತ್ತು. ಅದಕ್ಕೂ ಮೊದಲು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ ಹನ್ನೊಂದು ಋತುಗಳಲ್ಲಿ ಅವರು ಬಾರಿಸಿದ್ದು 445 ಹೋಮ್ ರನ್, ಕ್ರಿಕೆಟ್ಟಿನ ಸಿಕ್ಸರಿನಂತೆ ಚೆಂಡು ಬೇಲಿ ದಾಟುವ ಹೊಡೆತ. ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ, ಎರಡು ಸಲ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡದ ಬೆನ್ನೆಲುಬು. ಇಂಥವರಿಗೆ ಎಷ್ಟು ಕೊಟ್ಟರೂ ಕಡಿಮೆ ಎಂದು ಯಾರಿಗಾದರೂ ಅನ್ನಿಸೀತು.

ನಾವು ಐಪಿಎಲ್ ಹರಾಜು ನೋಡುವವರು. ಅಲ್ಲಿ ಮೂರು ವರ್ಷಕ್ಕೊಮ್ಮೆ ತಂಡಗಳೇ ಕದಡಿಹೋಗುತ್ತವೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಒಮ್ಮೆ ಸಹಿ ಬಿದ್ದ ಮೇಲೆ ಆಟಗಾರ ಮುಗ್ಗರಿಸಲಿ, ಗಾಯಗೊಂಡು ಕೂರಲಿ, ತಂಡವೇ ಅವನನ್ನು ಕೈಬಿಡಲಿ, ಒಪ್ಪಿದ ಹಣ ಕೊಡಲೇಬೇಕು. ಹಾಗಾಗಿ ತಂಡ ನಿಜಕ್ಕೂ ಪಣಕ್ಕಿಡುವುದು ಒಬ್ಬ ಮನುಷ್ಯನ ದೇಹ ಹೇಗೆ ಮುಪ್ಪಾಗುತ್ತದೆ ಎಂಬ ಊಹೆಯ ಮೇಲೆ.

ಆ ಊಹೆಗೊಂದು ಅಳತೆಗೋಲು ಇದೆ. ಹೆಸರು ವಾರ್. ಸುಲಭವಾಗಿ ಸಿಗುವ ಸಾಧಾರಣ ಬದಲಿ ಆಟಗಾರನನ್ನು ಆಡಿಸುವ ಬದಲು ಇವನನ್ನು ಆಡಿಸಿದ್ದರಿಂದ ತಂಡಕ್ಕೆ ಎಷ್ಟು ಹೆಚ್ಚುವರಿ ಗೆಲುವು ದಕ್ಕಿತು ಎಂಬ ಅಂದಾಜು ಅದು. ಬ್ಯಾಟಿಂಗ್, ಓಟ, ಫೀಲ್ಡಿಂಗ್ ಎಲ್ಲವನ್ನೂ ರನ್ನುಗಳಿಗೆ ಇಳಿಸಿ, ಸುಮಾರು ಹತ್ತು ರನ್ನಿಗೆ ಒಂದು ಗೆಲುವು ಎಂದು ಎಣಿಸುತ್ತಾರೆ. ಪೂಹೋಲ್ಸ್ 2009ರಲ್ಲಿ ಒಂಬತ್ತಕ್ಕೂ ಹೆಚ್ಚು ಗೆಲುವು ತಂದಿದ್ದರು. 2010ರಲ್ಲಿ ಏಳೂವರೆಯ ಆಸುಪಾಸು, 2011ರಲ್ಲಿ ಐದರ ಆಸುಪಾಸು. ಕರಾರಿಗೆ ಸಹಿ ಬೀಳುವ ಮೊದಲೇ ಗೆರೆ ಇಳಿಜಾರು ಹಿಡಿದಿತ್ತು.

ಮೂವತ್ತು ದಾಟಿದ ಆಟಗಾರ ವರ್ಷಕ್ಕೆ ಸುಮಾರು ಅರ್ಧ ಗೆಲುವಿನಷ್ಟು ಕಳೆದುಕೊಳ್ಳುತ್ತಾನೆ ಎಂಬುದು ವಿಶ್ಲೇಷಕರ ಒರಟು ಸೂತ್ರ. ಐದರಿಂದ ಶುರುಮಾಡಿ ಪ್ರತಿ ವರ್ಷ ಅರ್ಧ ಕಳೆಯುತ್ತ ಹೋಗಿ ನೋಡಿ: ಹತ್ತು ವರ್ಷಕ್ಕೆ ಒಟ್ಟು 27.5 ಗೆಲುವು, ಅಂದರೆ ಗೆಲುವೊಂದಕ್ಕೆ ಸುಮಾರು 87 ಲಕ್ಷ ಡಾಲರ್. ದುಬಾರಿಯೇ, ಆದರೆ ಬೆಲೆ ಏರುತ್ತಲೇ ಇದ್ದ ಆ ಮಾರುಕಟ್ಟೆಯಲ್ಲಿ ಹುಚ್ಚುತನವಲ್ಲ. ಆದರೆ ನಿಜಕ್ಕೂ ಬಂದದ್ದು ಸುಮಾರು 13 ಗೆಲುವು ಮಾತ್ರ.

ಸೂತ್ರ ಎಲ್ಲಿ ಸೋತಿತು? ಮೊದಲು ದೇಹವನ್ನೇ ನೋಡೋಣ. ಗಂಟೆಗೆ 150 ಕಿ.ಮೀ. ವೇಗದ ಚೆಂಡು ಅದನ್ನೆಸೆಯುವ ಪಿಚರ್‌ನ ಕೈಬಿಟ್ಟು ದಾಂಡಿಗನನ್ನು ತಲುಪಲು ಸುಮಾರು 0.4 ಸೆಕೆಂಡು. ಬ್ಯಾಟ್ ಬೀಸಲಿಕ್ಕೇ ಸುಮಾರು 0.15 ಸೆಕೆಂಡು ಬೇಕು. ಚೆಂಡನ್ನು ಗುರುತಿಸಿ, ಬೀಸಬೇಕೋ ಬಿಡಬೇಕೋ ಎಂದು ನಿರ್ಧರಿಸಲು ಉಳಿಯುವುದು ಕಾಲು ಸೆಕೆಂಡು. ಆ ವೇಗದಲ್ಲಿ ಚೆಂಡು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ 42 ಸೆಂ.ಮೀ. ಸಾಗುತ್ತದೆ, ಹೆಚ್ಚುಕಡಿಮೆ ಒಂದು ಮೊಳ. ಬ್ಯಾಟಿನ ಅತಿ ದಪ್ಪ ಭಾಗವೋ ಏಳು ಸೆಂ.ಮೀ. ಕೂಡ ಇಲ್ಲ. ವಯಸ್ಸಿನೊಂದಿಗೆ ಪ್ರತಿಕ್ರಿಯೆ ಕೂದಲೆಳೆಯಷ್ಟು ನಿಧಾನವಾಗುತ್ತದೆ, ಥಟ್ಟನೆ ಸಂಕುಚಿಸುವ ಸ್ನಾಯುತಂತುಗಳು ಸೊರಗುತ್ತವೆ. ದಿನನಿತ್ಯದ ಬದುಕಿನಲ್ಲಿ ಗೊತ್ತೇ ಆಗದ ಈ ನಷ್ಟಕ್ಕೆ ಬ್ಯಾಟ್ ಹಿಡಿದವನು ಮೊಳದ ಲೆಕ್ಕದಲ್ಲಿ ತೆರಬೇಕು.

ಇನ್ನೊಂದು ಸಂಗತಿ, ಹೋಮ್ ರನ್ನಿನ ಬಲ ತೋಳಿನಲ್ಲಿ ಹುಟ್ಟುವುದಿಲ್ಲ. ಮುಂಗಾಲು ನೆಲಕ್ಕೆ ಊರಿದಾಗ ನೆಲ ಹಿಂದಕ್ಕೆ ಕೊಡುವ ಒತ್ತಡ ಕಾಲು, ಸೊಂಟ, ಬೆನ್ನು ದಾಟಿ ಕೊನೆಗೆ ಮಣಿಕಟ್ಟಿಗೆ ಬರುತ್ತದೆ. ಪೂಹೋಲ್ಸ್ ಬಲಗೈ ದಾಂಡಿಗ, ಊರುವ ಕಾಲು ಎಡಗಾಲು. 2013ರಲ್ಲಿ ಅವರ ಎಡ ಅಂಗಾಲಿನ ತಂತುಪಟ್ಟಿ ಹರಿದು ಋತು ಅರ್ಧಕ್ಕೇ ಮುಗಿಯಿತು. ಸರಪಳಿಯ ಮೊದಲ ಕೊಂಡಿಯೇ ಸಡಿಲವಾಯಿತು ಎಂದು ನನ್ನ ಭಾವನೆ. ಕಾರ್ಡಿನಲ್ಸ್‌ನಲ್ಲಿ .328 ಇದ್ದ ಅವರ ಸರಾಸರಿ (ಸಾವಿರ ಅವಕಾಶಕ್ಕೆ 328 ಯಶಸ್ವಿ ಹೊಡೆತ, ಅಂದರೆ ಹಿಟ್) ಏಂಜಲ್ಸ್‌ನಲ್ಲಿ .256ಕ್ಕೆ ಇಳಿಯಿತು.

ಎರಡನೆಯ ದೋಷ ಲೆಕ್ಕದಲ್ಲೇ ಇದೆ, ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದೂ ಅದೇ. ಮೂವತ್ತೇಳರ ಆಟಗಾರರು ಸರಾಸರಿ ಹೇಗೆ ಆಡುತ್ತಾರೆ ಎಂದು ಲೆಕ್ಕ ಹಾಕುವಾಗ ನಮ್ಮ ಕಣ್ಣಿಗೆ ಬೀಳುವುದು ಆ ವಯಸ್ಸಿನಲ್ಲೂ ಕಣದಲ್ಲಿ ಉಳಿದವರು ಮಾತ್ರ. ಕುಸಿದವರು ಆಗಲೇ ಮನೆ ಸೇರಿರುತ್ತಾರೆ, ಅವರ ಅಂಕಿಗಳು ಪಟ್ಟಿಯಲ್ಲೇ ಇರುವುದಿಲ್ಲ. ಉಳಿದವರನ್ನಷ್ಟೇ ಎಣಿಸಿದಾಗ ಮುಪ್ಪಿನ ಇಳಿಜಾರು ಇರುವುದಕ್ಕಿಂತ ಮೆದುವಾಗಿ ಕಾಣುತ್ತದೆ. ದೀರ್ಘ ಕರಾರು ಮಾಡುವ ಅಪಾಯ ಇಲ್ಲೇ: ಸಾಮಾನ್ಯವಾಗಿ ಪಟ್ಟಿಯಿಂದ ಮರೆಯಾಗುತ್ತಿದ್ದ ಆಟಗಾರನನ್ನು ಖಾತರಿ ಸಂಬಳ ಕಣದಲ್ಲೇ ಹಿಡಿದಿಡುತ್ತದೆ. 2017ರಲ್ಲಿ ಪೂಹೋಲ್ಸ್ ತಮ್ಮ ಹೊಡೆತಗಳಿಂದ ತಂಡಕ್ಕೆ 101 ರನ್ ತಂದುಕೊಟ್ಟರು. ಹಳೆಯ ಕಣ್ಣಿಗೆ ಅದು ಸೊಗಸಾದ ಋತು. ಆದರೆ ಆ ವರ್ಷ ಅವರ ವಾರ್ ಸೊನ್ನೆಗಿಂತ ಕೆಳಗಿತ್ತು. ತನಗಿಂತ ಮೊದಲು ಬ್ಯಾಟ್ ಹಿಡಿದವರು ಬೇಸುಗಳನ್ನು, ಅಂದರೆ ಓಟದ ದಾರಿಯ ನಿಲ್ದಾಣಗಳನ್ನು, ತುಂಬಿಸಿಟ್ಟಾಗ ರನ್ ಬರುತ್ತವೆ, ಅದರ ಪೂರ್ತಿ ಶ್ರೇಯ ಬಾರಿಸಿದವನದಲ್ಲ.

ತಂಡದ ಪರ ವಾದವೂ ಇದೆ. ಸಂಬಳವನ್ನು ಹಿಂದಕ್ಕೆ ತಳ್ಳಲಾಗಿತ್ತು: 2012ರಲ್ಲಿ 1.2 ಕೋಟಿ, 2021ರಲ್ಲಿ 3 ಕೋಟಿ. ನಾಳೆಯ ಡಾಲರ್ ಇಂದಿನದಕ್ಕಿಂತ ಅಗ್ಗ. ವರ್ಷಕ್ಕೆ ಶೇ 5ರ ಬಡ್ಡಿ ಹಿಡಿದು ನಾನು ಕೂಡಿ ನೋಡಿದೆ, 24 ಕೋಟಿಯ ಅಂದಿನ ಬೆಲೆ ಸುಮಾರು 19 ಕೋಟಿಗೆ ಇಳಿಯುತ್ತದೆ. ಅವರ 600ನೇ ಹೋಮ್ ರನ್, 3000ನೇ ಹಿಟ್ ಎರಡೂ ಏಂಜಲ್ಸ್ ಅಂಗಿಯಲ್ಲೇ ಬಂದವು, ಟಿಕೆಟ್ ತಂದವು. ಇದನ್ನೆಲ್ಲ ಸೇರಿಸಿದರೂ ನನ್ನ ತಕ್ಕಡಿ ನಷ್ಟದ ಕಡೆಗೇ ವಾಲುತ್ತದೆ. ಮೈಕ್ ಟ್ರೌಟ್‌ನಂಥ ಅಪರೂಪದ ಆಟಗಾರ ಜೊತೆಗಿದ್ದೂ ಆ ಹತ್ತು ವರ್ಷಗಳಲ್ಲಿ ತಂಡ ಪ್ಲೇಆಫ್ ತಲುಪಿದ್ದು ಒಮ್ಮೆ, 2014ರಲ್ಲಿ. ಅಲ್ಲಿ ಒಂದೂ ಪಂದ್ಯ ಗೆಲ್ಲಲಿಲ್ಲ. ವರ್ಷಕ್ಕೆ ಸರಾಸರಿ 2.4 ಕೋಟಿ ಒಬ್ಬರಲ್ಲಿ ಸಿಲುಕಿದಾಗ ಒಳ್ಳೆಯ ಪಿಚರ್‌ಗಳನ್ನು ತರುವ ಹಣ ಅಷ್ಟು ಕಡಿಮೆಯಾಗುತ್ತದೆ.

ಆದರೆ ಪೂಹೋಲ್ಸ್ ದುರಾಸೆ ಪಟ್ಟರು ಎಂಬ ಮಾತನ್ನು ನಾನು ಒಪ್ಪಲಾರೆ. 2001ರಲ್ಲಿ, 37 ಹೋಮ್ ರನ್ ಬಾರಿಸಿದ ಮೊದಲ ಋತುವಿನಲ್ಲಿ, ಅವರ ಸಂಬಳ 2 ಲಕ್ಷ ಡಾಲರ್. ಲೀಗಿನ ನಿಯಮದಂತೆ ಆಟಗಾರ ಮುಕ್ತ ಮಾರುಕಟ್ಟೆಗೆ ಬರಲು ಆರು ವರ್ಷದ ಸೇವೆ ಮುಗಿಸಬೇಕು. ದೇಹ ಉತ್ತುಂಗದಲ್ಲಿರುವುದು ಇಪ್ಪತ್ತಾರರಿಂದ ಇಪ್ಪತ್ತೊಂಬತ್ತರ ನಡುವೆ, ಕೈತುಂಬ ಹಣ ಸಿಗುವುದು ಸಾಮಾನ್ಯವಾಗಿ ಅದು ದಾಟಿದ ಮೇಲೆ. ಬೆಳೆ ಉಂಡದ್ದು ಕಾರ್ಡಿನಲ್ಸ್, ಬಾಕಿ ತೀರಿಸಿದ್ದು ಏಂಜಲ್ಸ್.

2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಹ್ವಾನ್ ಸೋಟೋಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಒಪ್ಪಿದಾಗ ಹಲವರಿಗೆ ಮತ್ತೆ ಪೂಹೋಲ್ಸ್ ನೆನಪಾದರು. ಮೊತ್ತ ಮೂರು ಪಟ್ಟಿಗೂ ಹೆಚ್ಚು. ಆದರೆ ಸೋಟೋಗೆ ಆಗ 26. ಕೊನೆಯ ಐದು ವರ್ಷ ಪೂರ್ತಿ ವ್ಯರ್ಥವಾದರೂ ಆತನ ಅತ್ಯುತ್ತಮ ವರ್ಷಗಳು ಮೆಟ್ಸ್ ಪಾಲಿಗೇ ಬರಬಹುದು. ಇವೆರಡರಲ್ಲಿ ಆರಿಸಬೇಕಾಗಿ ಬಂದರೆ ನಾನು ದೊಡ್ಡ ಮೊತ್ತದ ಕರಾರನ್ನೇ ಆರಿಸುತ್ತೇನೆ.

ಏಂಜಲ್ಸ್ 2021ರ ಮೇ ತಿಂಗಳಲ್ಲಿ ಪೂಹೋಲ್ಸ್ ಅವರನ್ನು ಕೈಬಿಟ್ಟಿತು, ಸಂಬಳ ಮಾತ್ರ ಕೊಡುತ್ತಲೇ ಇತ್ತು. ಮರುವರ್ಷ ಫೀಲ್ಡಿಂಗ್ ಮಾಡದೆ ಬ್ಯಾಟ್ ಮಾತ್ರ ಬೀಸುವ ದಾಂಡಿಗನಿಗೆ ಕಾರ್ಡಿನಲ್ಸ್ ಆಡುವ ನ್ಯಾಷನಲ್ ಲೀಗ್‌ನಲ್ಲೂ ಕಾಯಂ ಜಾಗ ಸಿಕ್ಕಿತು. 42ರ ಪೂಹೋಲ್ಸ್ 25 ಲಕ್ಷ ಡಾಲರಿಗೆ, ಒಂದೇ ವರ್ಷದ ಕರಾರಿನಲ್ಲಿ ಸೇಂಟ್ ಲೂಯಿಸ್‌ಗೆ ಮರಳಿದರು. ತಂಡ ಅವರನ್ನು ದಿನವೂ ಆಡಿಸಲಿಲ್ಲ, ಹೆಚ್ಚಾಗಿ ಎಡಗೈ ಪಿಚರ್‌ಗಳ ಎದುರು ಇಳಿಸಿತು. ಆ ಋತುವಿನಲ್ಲಿ ಅವರು 24 ಹೋಮ್ ರನ್ ಬಾರಿಸಿದರು. ಸೆಪ್ಟೆಂಬರ್ 23ರಂದು ಬಂದ 700ನೆಯದು ಬಿದ್ದದ್ದು ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ, ಏಂಜಲ್ಸ್ ಮೈದಾನದಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರದಲ್ಲಿ. ಎದುರಾಳಿ ತಂಡದ ಅಭಿಮಾನಿಗಳೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.