ಸ್ವಂತಕ್ಕೊಂದು ಎಕ್ಸ್‌ಟೆನ್ಶನ್ ಏಣಿ: 20 ಅಡಿ ಸಾಕಾ, 32 ಬೇಕಾ?

ಓದುಗರ ಪ್ರಶ್ನೆ: ಕಲಬುರಗಿಯಲ್ಲಿ ಸಿಸಿಟಿವಿ ಮತ್ತು ಎಸಿ ಫಿಟ್ಟಿಂಗ್ ಮಾಡ್ತೀನಿ. ಇಷ್ಟು ದಿನ ಬಿದಿರಿನ ಏಣಿ ಬಾಡಿಗೆಗೆ ತರ್ತಿದ್ದೆ. ಈಗ ಸ್ವಂತಕ್ಕೆ ಒಂದು ಎಕ್ಸ್‌ಟೆನ್ಶನ್ ಏಣಿ ತಗೋಬೇಕು ಅಂತಿದ್ದೀನಿ. ಸಿಗೋ ಕೆಲಸ ಜಾಸ್ತಿ ಒಂದಂತಸ್ತು, ಎರಡಂತಸ್ತಿನ ಮನೆಗಳದ್ದು. ಎಷ್ಟು ಅಡಿಯದ್ದು ತಗೊಳ್ಳಲಿ? ಅಲ್ಯೂಮಿನಿಯಮ್ಮಾ, ಫೈಬರ್ರಾ?

ಉತ್ತರ: ನಿಮ್ಮ ಕೆಲಸಕ್ಕೆ 24 ಅಡಿಯ ಫೈಬರ್ ಏಣಿ ತಗೊಳ್ಳಿ. 12 ಅಡಿಯ ಎರಡು ತುಂಡು ಇರೋದು, 150 ಕೆಜಿ ಭಾರಕ್ಕೆ ಮಾಡಿದ್ದು. 20 ಅಡಿಯದು ನಿಮಗೆ ಸಾಲೋದಿಲ್ಲ. 32 ಅಡಿಯದು ತಗೊಂಡ್ರೆ ದುಡ್ಡು ಹೋಗುತ್ತೆ, ಸೊಂಟವೂ ಹೋಗುತ್ತೆ, ಆದರೂ ನೀವು ಅಂದುಕೊಂಡ ಜಾಗಕ್ಕೆ ಮುಟ್ಟೋದಿಲ್ಲ. ಲೆಕ್ಕ ಹಾಕಿ ನೋಡೋಣ.

ಅಂಗಡಿಯವರು ಹೇಳುವ ಅಡಿ ಎರಡೂ ತುಂಡುಗಳನ್ನು ಕೂಡಿಸಿದ ಅಡಿ. ಆದರೆ ಏಣಿಯನ್ನು ಪೂರ್ತಿ ಎಳೆದಾಗಲೂ ಮೇಲಿನ ತುಂಡು ಕೆಳಗಿನದರ ಮೇಲೆ ಕನಿಷ್ಠ 3 ಅಡಿ ಕೂತಿರಲೇಬೇಕು. ಅಂದರೆ 24 ಅಡಿಯ ಏಣಿ ಕೈಗೆ ಸಿಗೋದು 21 ಅಡಿ, 20ರದ್ದು 17 ಅಡಿ. ಜೊತೆಗೆ ಏಣಿಯನ್ನು ನೆಟ್ಟಗೆ ನಿಲ್ಲಿಸೋದಿಲ್ಲ, ಓರೆಯಾಗಿ ಇಡ್ತೀವಿ. 4 ಅಡಿ ಎತ್ತರಕ್ಕೆ 1 ಅಡಿ ಹಿಂದೆ, ಇದು ಎಲ್ಲ ಕಡೆ ನಡೆಯುವ ಲೆಕ್ಕ. ಕೋನದಲ್ಲಿ ಹೇಳಿದರೆ ಸುಮಾರು 75 ಡಿಗ್ರಿ. ಅಲ್ಲೂ ಸ್ವಲ್ಪ ಎತ್ತರ ಹೋಯಿತು. ಮಾಳಿಗೆಗೆ ಇಳಿಯುವ ಕೆಲಸವಾದರೆ ಏಣಿಯ ತುದಿ ಆನಿಸಿದ ಜಾಗಕ್ಕಿಂತ 3 ಅಡಿ ಮೇಲಿರಬೇಕು. ಇಲ್ಲದಿದ್ದರೆ ಕಾಲು ದಾಟಿಸುವಾಗ ಹಿಡಿಯೋಕೆ ಏನೂ ಇರೋದಿಲ್ಲ.

ಈಗ ನಮ್ಮ ಕಡೆಯ ಒಂದು ಮನೆ ನೋಡಿ. ಕಟ್ಟೆ 2 ಅಡಿ, ಸ್ಲ್ಯಾಬ್ ಸೇರಿ ಗೋಡೆ ಹತ್ತಿರ ಹತ್ತಿರ 11 ಅಡಿ, ಅದರ ಮೇಲೆ 3 ಅಡಿ ಪ್ಯಾರಾಪೆಟ್. ಒಟ್ಟು 16 ಅಡಿ. ಓರೆ ಲೆಕ್ಕ ಹಿಡಿದರೆ ಅಲ್ಲಿಗೆ ಮುಟ್ಟೋಕೆ ಹದಿನಾರೂವರೆ ಅಡಿ ಏಣಿ ಬೇಕು, ಮೇಲೆ 3 ಅಡಿ. ಹತ್ತೊಂಬತ್ತೂವರೆ ಆಯಿತು. 20 ಅಡಿಯ ಏಣಿ ಇಲ್ಲೇ ಸೋತಿತು, ಅಲ್ವಾ? 24ರದ್ದು ಆರಾಮಾಗಿ ಸಾಕು.

ಮೇಲೊಂದು ಅಂತಸ್ತು ಇದ್ದರೆ ಪ್ಯಾರಾಪೆಟ್ ತುದಿ 26 ಅಡಿಗೆ ಹೋಗುತ್ತೆ. ಅದಕ್ಕೆ 30 ಅಡಿ ಏಣಿ ಬೇಕು. 32 ಅಡಿಯದು ಕೊಡೋದು 29! ಒಂದು ಅಡಿ ಕಡಿಮೆಯೇ. ಹಾಗಂತ 36ಕ್ಕೆ ಹೋಗಬೇಡಿ. ಎರಡಂತಸ್ತಿನ ಮನೆಗೆ ಮೆಟ್ಟಿಲು ಇದ್ದೇ ಇರುತ್ತೆ, ಮಾಳಿಗೆಗೆ ಅದರಿಂದಲೇ ಹೋಗಿ. ಏಣಿ ಬೇಕಾಗೋದು ಹೊರಗೋಡೆಗೆ ಮಾತ್ರ. 24 ಅಡಿಯದನ್ನು ಪೂರ್ತಿ ಎಳೆದು, ಮೇಲಿನಿಂದ ನಾಲ್ಕನೇ ಮೆಟ್ಟಿಲಲ್ಲಿ ನಿಂತರೆ ನಿಮ್ಮ ಕಾಲು 16 ಅಡಿ ಚಿಲ್ಲರೆ ಎತ್ತರದಲ್ಲಿ ಇರುತ್ತೆ. ಎದೆಮಟ್ಟದ ಕೆಲಸ 20 ಅಡಿ ದಾಟುತ್ತೆ. ಮೇಲಿನ ಅಂತಸ್ತಿನ ಕಿಟಕಿ ಸಜ್ಜಾದ ಕೆಳಗೆ ಕ್ಯಾಮೆರಾ ಕೂರಿಸೋಕೆ ಅಷ್ಟು ಸಾಕು. ಆ ನಾಲ್ಕನೇ ಮೆಟ್ಟಿಲಿಗಿಂತ ಮೇಲೆ ನಿಲ್ಲಬಾರದು. ಉಳಿದ ಮೂರು ಮೆಟ್ಟಿಲು ಕೈಗೆ, ಕಾಲಿಗಲ್ಲ.

ಇನ್ನು ಫೈಬರ್ ಯಾಕೆ ಅಂತ. ನಿಮ್ಮ ಕೆಲಸವೇ ಕರೆಂಟಿನ ಪಕ್ಕದ್ದು, ಅದಕ್ಕೆ. ಶಾಬಜಾರ್ ಕಡೆಯ ಗಲ್ಲಿಗಳಿರಲಿ, ಬೀದರ್‌ನ ಚೌಬಾರಾ ಸುತ್ತಿನ ಹಳೇ ಊರಿರಲಿ, ಬಾಲ್ಕನಿಯಿಂದ ಕೈ ಚಾಚಿದರೆ ತಂತಿ ಸಿಗುವಂಥ ಜಾಗಗಳಿವೆ. ಜೆಸ್ಕಾಂನ 11 ಕೆವಿ ಲೈನೂ ಕೆಲವು ಕಡೆ ಮನೆಯ ಮಗ್ಗುಲಲ್ಲೇ ಹೋಗಿರುತ್ತೆ. ಅಲ್ಯೂಮಿನಿಯಂ ಏಣಿ ಅಂದರೆ 24 ಅಡಿಯ ತಂತಿ ಅಂತಲೇ ಲೆಕ್ಕ. ನೀವು ತಂತಿಯಿಂದ ದೂರ ಇದ್ದರೂ ಏಣಿಯನ್ನು ಎತ್ತುವಾಗ ಅದು ಹಿಂದಕ್ಕೆ ವಾಲಿದರೆ ಎಲ್ಲಿ ಬೀಳುತ್ತೆ ಅಂತ ಒಮ್ಮೆ ತಲೆ ಎತ್ತಿ ನೋಡಿ. ಯಾವ ಏಣಿಯೇ ಆಗಲಿ, ಲೈನಿನಿಂದ ಕನಿಷ್ಠ 10 ಅಡಿ ದೂರ ಇರಬೇಕು. ಅಷ್ಟು ಜಾಗ ಇಲ್ಲ ಅಂದರೆ ಲೈನ್ ಬಂದ್ ಮಾಡಿಸಿಕೊಳ್ಳಿ, ಇಲ್ಲವೇ ಆ ಗೋಡೆ ಬಿಟ್ಟು ಬೇರೆ ಗೋಡೆ ಹುಡುಕಿ.

ಫೈಬರ್ ಅಂದ ಮಾತ್ರಕ್ಕೆ ಶಾಕ್ ಹೊಡೆಯೋದೇ ಇಲ್ಲ ಅಂತಲ್ಲ. ಅದು ಒಣಗಿರಬೇಕು, ಸ್ವಚ್ಛ ಇರಬೇಕು. ಮಳೆಯಲ್ಲಿ ನೆನೆದು ಮಣ್ಣು ಮೆತ್ತಿಕೊಂಡ ಫೈಬರ್ ಏಣಿಯನ್ನು ನಂಬಬೇಡಿ. ಒಣಗಿದ ಬಿದಿರಿನಲ್ಲಿ ಕರೆಂಟ್ ಹರಿಯೋದಿಲ್ಲ ಅನ್ನೋದೂ ಅಷ್ಟೇ ಅರ್ಧ ಸತ್ಯ, ಒದ್ದೆಯಾದರೆ ಕತೆ ಬೇರೆ. ನಮ್ಮ ಬಿಸಿಲಿಂದ ಫೈಬರಿಗೆ ಇನ್ನೊಂದು ತಾಪತ್ರಯ ಇದೆ. ವರ್ಷಗಟ್ಟಲೆ ಮಾಳಿಗೆ ಮೇಲೆ ಬಿಸಿಲಿಗೆ ಬಿದ್ದಿದ್ದರೆ ಮೇಲಿನ ಪದರ ಹೋಗಿ ಒಳಗಿನ ಗಾಜಿನ ಎಳೆಗಳು ಎದ್ದು ಬರ್ತವೆ. ಕೈ ಸವರಿದರೆ ಚುಚ್ಚುತ್ತೆ, ಆಮೇಲೆ ದಿನವಿಡೀ ನವೆ. ಅದಕ್ಕೆ ನೆರಳಲ್ಲಿಡಿ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಅಲ್ಯೂಮಿನಿಯಂ ಏಣಿಯನ್ನು ಬರಿಗೈಲಿ ಹಿಡಿಯೋದೂ ಕಷ್ಟವೇ ಬಿಡಿ.

ಫೈಬರಿನ ನಿಜವಾದ ತೊಂದರೆ ತೂಕ. 24 ಅಡಿಯ ಅಲ್ಯೂಮಿನಿಯಂ ಏಣಿ 16–18 ಕೆಜಿ ತೂಗಿದರೆ ಅಷ್ಟೇ ಉದ್ದದ ಫೈಬರ್ 20 ದಾಟುತ್ತೆ. ಬೆಲೆಯೂ ಜಾಸ್ತಿ. ಪೇಂಟಿಂಗ್, ಬೋರ್ಡ್ ಕಟ್ಟೋದು, ತಂತಿ ಇಲ್ಲದ ಕಡೆ ಸೋಲಾರ್ ಹೀಟರ್ ಪೈಪ್ ಕೂರಿಸೋದು, ಇಷ್ಟೇ ನಿಮ್ಮ ಕೆಲಸವಾಗಿದ್ದರೆ ಅಲ್ಯೂಮಿನಿಯಂ ಸಾಕು ಅಂತಲೇ ಹೇಳ್ತಿದ್ದೆ.

ಭಾರದ ಅಂಕಿಯನ್ನು ಏಣಿಯ ಪಕ್ಕದ ಸ್ಟಿಕ್ಕರಲ್ಲಿ ನೋಡಿ. ಯುರೋಪಿನ ಇಎನ್ 131 ಮಾನದಂಡದ ಏಣಿಯಾದರೆ 150 ಕೆಜಿ ಅಂತ ಇರುತ್ತೆ. ಕಸುಬಿನವರಿಗೆ ಬೇರೆ, ಮನೆಬಳಕೆಗೆ ಬೇರೆ ಗುರುತು ಇರುತ್ತೆ. ನಿಮಗೆ ಮೊದಲನೆಯದು. ಅಮೆರಿಕದ ಲೆಕ್ಕದಲ್ಲಿ ಟೈಪ್ 1ಎ ಅಂದರೆ 136 ಕೆಜಿ, ಅದೂ ನಡೆಯುತ್ತೆ. ಟೈಪ್ 3 ಅಂದರೆ ಬರೀ 90 ಕೆಜಿ. ನೀವು 75 ಕೆಜಿ ಇದ್ದು ಸೊಂಟದ ಚೀಲ, ಹ್ಯಾಮರ್ ಡ್ರಿಲ್, ಕೇಬಲ್ ಸುರುಳಿ ಸೇರಿದರೆ ಅದು ಅಲ್ಲಿಗೇ ಮುಗೀತು. ಸ್ಟಿಕ್ಕರೇ ಇಲ್ಲದ ಏಣಿಯ ಮೇಲೆ ಅಂಗಡಿಯವನು ತಾನೇ ಹತ್ತಿ ಕುಣಿದು ತೋರಿಸಿದರೂ ತಗೋಬೇಡಿ.

ಹಾಗಾದರೆ 150 ಕೆಜಿ ತಡೆಯುತ್ತಲ್ಲ, ಎಸಿಯ ಔಟ್‌ಡೋರ್ ಯೂನಿಟ್ ಹೆಗಲ ಮೇಲಿಟ್ಟು ಹತ್ತಬಹುದಾ? ಬೇಡ. ಒಂದೂವರೆ ಟನ್ನಿನ ಯೂನಿಟ್ 30 ಕೆಜಿ ಆಸುಪಾಸು ಬರುತ್ತೆ, ಲೆಕ್ಕದಲ್ಲಿ ಏಣಿ ತಡೆಯುತ್ತೆ. ಆದರೆ ಹತ್ತುವಾಗ ಎರಡು ಕೈ, ಎರಡು ಕಾಲಲ್ಲಿ ಮೂರು ಯಾವಾಗಲೂ ಏಣಿಯ ಮೇಲೆ ಇರಬೇಕು. ಹೆಗಲ ಮೇಲೆ ಯೂನಿಟ್ ಇಟ್ಟರೆ ಅದು ಆಗೋದಿಲ್ಲ. ಮಾಳಿಗೆಯಿಂದ ಹಗ್ಗದಲ್ಲಿ ಇಬ್ಬರು ಇಳಿಸಲಿ, ಇಲ್ಲವೇ ಸಾರುವೆ ಕಟ್ಟಿಸಿ. ಪೈಪಿನ ದೊಡ್ಡ ತೂತನ್ನೂ ಕೋಣೆಯ ಒಳಗೆ ನಿಂತೇ ಕೊರೆಯಿರಿ. ಕೋರ್ ಬಿಟ್ ಗೋಡೆಯಲ್ಲಿ ಸಿಕ್ಕಿಕೊಂಡು ಮಷಿನ್ ತಿರುಗಿದರೆ ಏಣಿಯ ಮೇಲೆ ನಿಂತವನಿಗೆ ತಡೆದುಕೊಳ್ಳೋಕೆ ಆಗೋದಿಲ್ಲ.

ನಮ್ಮ ಕಡೆ ಏಣಿಯ ಕಾಲನ್ನು ನೋಡಿ ತಗೊಳ್ಳೋದು ಉದ್ದದಷ್ಟೇ ಮುಖ್ಯ. ಅಂಗಳದಲ್ಲಿ ಶಹಾಬಾದ್ ಕಲ್ಲು, ಹೊರಗೆ ಎರೆ ಮಣ್ಣು. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ಸಣ್ಣ ಧೂಳಿದ್ದರೂ ರಬ್ಬರ್ ಜಾರುತ್ತೆ. ಕಲ್ಲನ್ನೂ ರಬ್ಬರನ್ನೂ ಒರೆಸಿ, ಕೆಳಗೊಬ್ಬ ಹಿಡಿದಿರಲಿ. ಎರೆ ಮಣ್ಣು ಮಳೆಗಾಲದಲ್ಲಿ ಒಂದು ಕಾಲನ್ನು ಮಾತ್ರ ನುಂಗುತ್ತೆ, ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತೆ. ಎರಡೂ ಕಾಲಿಗೆ ಒಂದೇ ಉದ್ದನೆಯ ದಪ್ಪ ಹಲಗೆ ಹಾಕಿ. ಮಗುಚಿದರೆ ಮೊನೆ ಬರುವಂಥ ತಿರುಗುವ ಪಾದ ಇರೋ ಏಣಿ ಸಿಕ್ಕರೆ ಒಳ್ಳೇದು: ಕಲ್ಲಿಗೆ ರಬ್ಬರ್, ಮಣ್ಣಿಗೆ ಮೊನೆ. ಕೆಳಗೆ ಅಡ್ಡಪಟ್ಟಿ ಹಾಕಿ ಅಗಲ ಮಾಡಿದ್ದರೆ ಇನ್ನೂ ಒಳ್ಳೇದು. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲದವರಿಗೆ ಈ ತಲೆನೋವು ಕಡಿಮೆ.

ಗಲ್ಲಿಯಲ್ಲಿ ಇನ್ನೊಂದು ಕಾಟ. 16 ಅಡಿಗೆ 4 ಅಡಿ ಹಿಂದೆ ಅಂತ ಅಳೆದರೆ ಏಣಿಯ ಕಾಲು ಸರಿಯಾಗಿ ಗಟಾರದ ಮೇಲೆ ಮುಚ್ಚಿದ ಕಲ್ಲಿಗೇ ಬರುತ್ತೆ. ಆ ಕಲ್ಲು ಅಲ್ಲಾಡುತ್ತೆ. ಹಾಗಂತ ಏಣಿಯನ್ನು ಗೋಡೆಗೆ ಹತ್ತಿರ ಎಳೆದು ನೆಟ್ಟಗೆ ಮಾಡಬೇಡಿ, ಹಿಂದಕ್ಕೆ ಬೀಳುತ್ತೆ. ನಾಲ್ಕೈದು ಅಡಿ ಪಕ್ಕಕ್ಕೆ ಸರಿಸಿದರೆ ಗಟ್ಟಿ ಜಾಗ ಸಿಗಬಹುದು. ಓರೆ ಸರಿ ಇದೆಯಾ ಅಂತ ನೋಡೋಕೆ ಟೇಪೂ ಬೇಡ: ಏಣಿಯ ಪಾದಕ್ಕೆ ನಿಮ್ಮ ಕಾಲ್ಬೆರಳು ತಾಗಿಸಿ ನಿಂತು ಕೈ ನೇರ ಚಾಚಿ, ಅಂಗೈ ಮೆಟ್ಟಿಲಿಗೆ ಮುಟ್ಟಿದರೆ ಸರಿ.

ಸಾಗಿಸೋದು ಹೇಗೆ ಅನ್ನೋದನ್ನ ಕೊಳ್ಳುವ ಮೊದಲೇ ಯೋಚಿಸಿ. ಮಡಿಸಿದರೂ ಇದು 12 ಅಡಿ. ಬೈಕಿನ ಹಿಂದೆ ಒಬ್ಬ ಹೆಗಲಿಗೆ ಹಾಕಿಕೊಂಡು ಕೂರೋದನ್ನ ದಿನಾ ನೋಡ್ತೀವಿ, ಅದು ರಸ್ತೆಯಲ್ಲಿ ಇನ್ನೊಬ್ಬರ ತಲೆಗೆ ಬರುತ್ತೆ. ಟಾಟಾ ಏಸ್‌ನಲ್ಲೂ ಹಿಂದೆ ಚಾಚಿಕೊಂಡೇ ಇರುತ್ತೆ, ಕೆಂಪು ಬಟ್ಟೆ ಕಟ್ಟಿ. 8 ಅಡಿಯ ಮೂರು ತುಂಡಿನ ಏಣಿ ಸಾಗಿಸೋಕೆ ಸಲೀಸು, ಆದರೆ ಎರಡು ಕಡೆ ಒಂದರ ಮೇಲೊಂದು ಕೂರಬೇಕಾದ್ದರಿಂದ ಉದ್ದ ಇನ್ನೂ ಕಡಿಮೆ ಆಗುತ್ತೆ. ಚೀಲದಲ್ಲಿ ಹೊತ್ತೊಯ್ಯುವ ಟೆಲಿಸ್ಕೋಪಿಕ್ ಏಣಿ? ಸೈಟ್ ನೋಡಿ ರೇಟ್ ಹೇಳೋಕೆ ಹೋಗುವಾಗ ಚೆನ್ನಾಗಿದೆ. ದಿನಾ ಡ್ರಿಲ್ ಹಿಡಿದು ನಿಲ್ಲೋಕೆ ನನಗೆ ಇಷ್ಟವಿಲ್ಲ. ಅದರ ಪ್ರತಿ ಗಂಟಿನಲ್ಲೂ ಒಂದು ಪಿನ್ ಇರುತ್ತೆ, ನಮ್ಮ ಕಲ್ಲಿನ ಧೂಳು ಕೂತರೆ ಯಾವುದು ಕೂತಿದೆ, ಯಾವುದು ಕೂತಿಲ್ಲ ಗೊತ್ತಾಗೋದಿಲ್ಲ.

ಅಂಗಡಿಯಲ್ಲಿ ದುಡ್ಡು ಕೊಡೋ ಮೊದಲು ಹೊರಗೆ ತೆಗೆಸಿ ಪೂರ್ತಿ ಎಳೆಸಿ. ಹಗ್ಗ ಬಿಟ್ಟಾಗ ಎರಡೂ ಕಡೆಯ ಕೊಂಡಿ ಒಟ್ಟಿಗೇ ಮೆಟ್ಟಿಲಿಗೆ ಕೂರಬೇಕು, ಒಂದು ಕೂತು ಒಂದು ತೂಗಾಡಿದರೆ ಬೇರೆ ಏಣಿ ಕೇಳಿ. ಮೆಟ್ಟಿಲನ್ನು ಎರಡೂ ಕೈಲಿ ಹಿಡಿದು ತಿರುಚಿ ನೋಡಿ, ಕಿಂಚಿತ್ತೂ ತಿರುಗಬಾರದು. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದರೆ ಏಣಿಯನ್ನು ನೆಲದ ಮೇಲೆ ಮಲಗಿಸಿ ಒಂದು ತುದಿಯಿಂದ ಕಣ್ಣಿಟ್ಟು ನೋಡಿ. ಪಕ್ಕದ ಪಟ್ಟಿ ಎಲ್ಲಾದರೂ ಬಾಗಿದ್ದರೆ ಅದು ಬಿದ್ದ ಏಣಿ, ಬಿಟ್ಟುಬಿಡಿ. ಬಣ್ಣ ಬಳಿದ ಫೈಬರ್ ಏಣಿಯನ್ನೂ ಮುಟ್ಟಬೇಡಿ, ಸೀಳು ಬಣ್ಣದ ಕೆಳಗೆ ಕಾಣೋದಿಲ್ಲ. ಹಗ್ಗ ಸವೆದಿದ್ದರೆ ಪರವಾಗಿಲ್ಲ, ಅದನ್ನು ಬದಲಾಯಿಸಬಹುದು.