ಚೀಫ್ ಎಂಜಿನಿಯರ್ ಹೆದರದೆ ಹೇಳುವಂತಿರಬೇಕು

ಮೈಸೂರಿನಲ್ಲಿ ಕೂತು ಹಡಗು ನೋಡಿಕೊಳ್ಳೋದು ಹೇಗೆ ಅಂತ ನೆಂಟರೆಲ್ಲ ಕೇಳುತ್ತಾರೆ. ಎಂಜಿನ್ ರೂಮಿನಲ್ಲಿ ಹದಿನೈದು ವರ್ಷ ಕಳೆದು, ಈಗ ಟೆಕ್ನಿಕಲ್ ಸೂಪರಿಂಟೆಂಡೆಂಟ್ ಆಗಿದ್ದೇನೆ. ಮೂರು ಸರಕು ಹಡಗುಗಳ ರಿಪೇರಿ, ಬಿಡಿಭಾಗ, ಸರ್ವೆ, ಖರ್ಚು ನನ್ನ ಜವಾಬ್ದಾರಿ. ಆಗಾಗ ಯಾವುದಾದರೂ ಬಂದರಿಗೆ ಹೋಗಿ ಹಡಗು ಹತ್ತಿ ನೋಡಿ ಬರುತ್ತೇನೆ. ಉಳಿದ ದಿನ ಕುವೆಂಪುನಗರದ ಮನೆಯಿಂದಲೇ ಕೆಲಸ.

ಮಂಡ್ಯದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುತ್ತಾರೆ, ಅಲ್ವಾ? ಹಡಗಿಗೆ ಅಂಥ ಬಿಡುವು ಸಿಗೋದು ಡ್ರೈ ಡಾಕಿನಲ್ಲಿ, ಅಂದರೆ ನೀರು ಖಾಲಿ ಮಾಡಿ ಹಡಗಿನ ತಳ ಕಾಣುವಂತೆ ನಿಲ್ಲಿಸುವ ಕಟ್ಟೆಯಲ್ಲಿ. ಸರಕು ಹಡಗಿನ ತಳವನ್ನು 5 ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿಸಲೇಬೇಕು. ನಡುವೆ 36 ತಿಂಗಳು ಮೀರುವ ಹಾಗಿಲ್ಲ. ಮಿಕ್ಕ ದಿನಗಳಲ್ಲಿ ಓಡುತ್ತಲೇ ರಿಪೇರಿ.

ಒಂದು ರಾತ್ರಿ ನನ್ನ ಒಂದು ಹಡಗಿನಿಂದ ಚೀಫ್ ಎಂಜಿನಿಯರ್, ಅಂದರೆ ಎಂಜಿನ್ ರೂಮಿನ ಮುಖ್ಯಸ್ಥರು, ಫೋನ್ ಮಾಡಿದರು. ಮಂಗಳೂರು ಕಡೆಯವರು. "ಸರ್, ರಿಪೋರ್ಟಿನಲ್ಲಿ ಬರೆದಿಲ್ಲ ಮಾರಾಯ್ರೆ. ಮೂರನೇ ಯೂನಿಟ್ ಯಾಕೋ ಸರಿ ಇಲ್ಲ."

ಯೂನಿಟ್ ಅಂದರೆ ಎಂಜಿನ್ನಿನ ಒಂದು ಸಿಲಿಂಡರ್. ಅದರಿಂದ ಇಳಿದು ಬರುವ ಎಣ್ಣೆಯಲ್ಲಿ ಕಬ್ಬಿಣದ ಅಂಶ ವಾರದಿಂದ ವಾರಕ್ಕೆ ಏರುತ್ತಿತ್ತು. ಅಂದರೆ ಒಳಗೆ ಲೈನರ್, ಅಂದರೆ ಸಿಲಿಂಡರಿನ ಒಳಗೋಡೆಯ ಕೊಳವೆ, ಸವೆಯುತ್ತಿದೆ. ಹಿಂದಿನ ಬಂದರಿನಲ್ಲಿ ತುಂಬಿಸಿದ ಫ್ಯುಯಲ್ ಆಯಿಲ್ ಮೇಲೆ ನನಗೆ ಅನುಮಾನ ಬಂತು. ಕಚ್ಚಾ ತೈಲ ಶುದ್ಧ ಮಾಡುವ ಕಾರ್ಖಾನೆಯಲ್ಲಿ ಬಳಸುವ ಕ್ಯಾಟಲಿಸ್ಟಿನ (ವೇಗವರ್ಧಕದ) ಪುಡಿ ಕೆಲವೊಮ್ಮೆ ಈ ಆಯಿಲಿನಲ್ಲಿ ಉಳಿದುಬಿಡುತ್ತದೆ. ಅಲ್ಯುಮಿನಿಯಂ, ಸಿಲಿಕಾನ್ ಇರುವ ಗಟ್ಟಿ ಕಣಗಳು. ಮರಳು ಕಾಗದದ ಹಾಗೆ ಲೈನರನ್ನು ಉಜ್ಜುತ್ತವೆ. ಸಾಮಾನ್ಯ ಭಾರಿ ಇಂಧನದಲ್ಲಿ ಒಂದು ಕಿಲೋಗೆ 60 ಮಿಲಿಗ್ರಾಂವರೆಗೆ ಇರಬಹುದು ಅನ್ನುತ್ತದೆ ಹಡಗಿನ ಇಂಧನದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8217. ಎಂಜಿನ್ ಒಳಗೆ ಹೋಗುವಾಗ ಮಾತ್ರ 15ಕ್ಕಿಂತ ಕಡಿಮೆ ಇರಬೇಕು. ನಡುವಿನ ವ್ಯತ್ಯಾಸವನ್ನೆಲ್ಲ ಹಡಗಿನ ಪ್ಯೂರಿಫೈಯರೇ, ಅಂದರೆ ಆಯಿಲನ್ನು ಗಿರಗಿರ ತಿರುಗಿಸಿ ಕಸ ಬೇರ್ಪಡಿಸುವ ಯಂತ್ರವೇ, ತೆಗೆಯಬೇಕು. ನಮ್ಮ ಲ್ಯಾಬ್ ರಿಪೋರ್ಟ್ ಮಿತಿಯೊಳಗೇ ಇತ್ತು. ಕಾಗದದಲ್ಲಿ ಎಲ್ಲ ಸರಿ.

ಎರಡೂ ಪ್ಯೂರಿಫೈಯರ್ ಒಟ್ಟಿಗೆ ಓಡಿಸಿ, ಹರಿವು ಆದಷ್ಟು ತಗ್ಗಿಸಿ, ಬಿಸಿ 98 ಡಿಗ್ರಿಗಿಂತ ಇಳಿಯದಂತೆ ನೋಡಿ ಎಂದೆ. ಟ್ಯಾಂಕಿನ ತಳದ ಕೆಸರನ್ನು ಪದೇಪದೇ ಹೊರಗೆ ಬಿಡಲು ಹೇಳಿದೆ. ಮುಂದಿನ ಬಂದರಿನ ಹೊರಗೆ ಲಂಗರು ಹಾಕಿದಾಗ ಯೂನಿಟ್ ಬಿಚ್ಚಿದರು. ಲೈನರ್ ಮಿತಿ ಮೀರಿ ಸವೆದಿತ್ತು. ಟನ್‌ಗಟ್ಟಲೆ ತೂಗುವ ಸಾಮಾನು ಅದು, ಇವತ್ತು ಬೇಕು ಅಂದರೆ ನಾಳೆ ಬರೋದಿಲ್ಲ. ಹಡಗಿನಲ್ಲಿ ಒಂದು ಸ್ಪೇರ್ ಇತ್ತು, ಬಚಾವಾದೆವು.

ನನ್ನನ್ನು ಕಾಡಿದ್ದು ಆ "ಬರೆದಿಲ್ಲ" ಎಂಬ ಮಾತು. ಹಿಂದೆ ಕೆಲಸ ಮಾಡಿದ ಕಡೆ ಇಂಥದ್ದೇ ಬರೆದಾಗ, ನೀವು ಸರಿಯಾಗಿ ನೋಡಿಕೊಂಡಿಲ್ಲ ಎಂಬ ಈಮೇಲ್ ಬಂದಿತ್ತಂತೆ. ಅದಕ್ಕೇ ಖಾತ್ರಿಯಾಗಲಿ ಅಂತ ಎರಡು ವಾರ ಸುಮ್ನೆ ಇದ್ದರು. ದಡದಲ್ಲಿರುವ ನನಗೆ ಎಂಜಿನ್ನಿನ ಸದ್ದು ಕೇಳಿಸೋದಿಲ್ಲ, ವಾಸನೆ ಬರೋದಿಲ್ಲ. ಅವರು ಹೇಳಿದಷ್ಟೇ ನನಗೆ ಗೊತ್ತು.

ಈಗ ಹೊಸ ಚೀಫ್ ಹಡಗು ಹತ್ತುವ ಮುಂಚೆ ನಾನೇ ಫೋನ್ ಮಾಡುತ್ತೇನೆ. ಬರೀ ಅನುಮಾನವಿದ್ದರೂ ಬರೆಯಿರಿ, ಆಫೀಸಿಗೆ ಉತ್ತರ ಕೊಡೋದು ನನ್ನ ಕೆಲಸ ಎನ್ನುತ್ತೇನೆ. ಮಂಗಳೂರಿನ ಆ ಚೀಫ್ ಈಗ ಪ್ರತಿ ಭಾನುವಾರ ಮೂರನೇ ಯೂನಿಟ್ಟಿನ ಲೆಕ್ಕ ಕಳಿಸುತ್ತಾರೆ, ನಾನು ಕೇಳದೆಯೇ.